ಬೀರಿ ಬಿಟ್ಟ ಕಣಜ

ಅಂಕೋಲೆಯ ತೋಟಗಾರಿಕೆ ಇಲಾಖೆಯವರು ಪುಕ್ಕಟೆ ಕಣಜ ಕೊಡುತ್ತಾರಂತೆ ಎಂದು ಕೇಳಿ, ಬೊಬ್ರುವಾಡದ ಬೀರಿ ಖಾಲಿ ಗೋಣಿ ಮಡಚಿಕೊಂಡು ಹೋಗಿದ್ದಳು. ಕಣಜವೆಂದರೆ ಅವಳ ಪಾಲಿಗೆ ಭತ್ತ ತುಂಬಿಡುವ ಕಣಜ. ಕೈಗೆ ಬಂದದ್ದು ಬೆರಳುದ್ದದ ಆರು ಗಾಜಿನ ಕೊಳವೆ. ಒಳಗೆ ಇರುವೆಯಷ್ಟೇ ಇರುವ, ರೆಕ್ಕೆಯ ಕಪ್ಪು ಕಣಜದ ಹುಳಗಳು. ಕೇರಿ ನಕ್ಕಿತು. ನಗಲಿ! ಕಪ್ಪುತಲೆ ಹುಳ ಮೇಯ್ದು ಅವಳ ಹನ್ನೊಂದು ತೆಂಗಿನಮರಗಳು ಸುಟ್ಟಂತೆ ನಿಂತಿದ್ದಾಗ, ನಕ್ಕವರ್ಯಾರೂ ಒಂದು ಗರಿಯನ್ನೂ ಹಸಿರು ಮಾಡಿಕೊಟ್ಟಿರಲಿಲ್ಲ. ಇಲಾಖೆಯ ನಾಗಶ್ರೀ ಮೇಡಂ ಹೇಳಿಕೊಟ್ಟಂತೆ ಕೊಳವೆಯ ಹತ್ತಿ ಕಿತ್ತು ಮರಗಳಿಗೆ ಬಿಟ್ಟಳು.

ಐದನೇ ದಿನ ಕೋಡಿಬಾಗದ ಮಂಗೇಶ ಪಂಪು, ಡ್ರಮ್ಮು, ಇಬ್ಬರು ಆಳುಗಳೊಂದಿಗೆ ಬಂದ. ಕೇರಿಯ ತೋಟಗಳಿಗೆಲ್ಲ ವಿಷ ಹೊಡೆಯುವ ಗುತ್ತಿಗೆ ಅವನದು. ಬೀರಿಯ ಮೈದುನ ಮಾದೇವ ಅವಳನ್ನು ಕೇಳದೆಯೇ ಅವಳ ಮರಗಳಿಗೂ ಸಹಿ ಹಾಕಿದ್ದ; ಈಗ ಅವನೂ ಜೊತೆಗೆ ಬಂದಿದ್ದ.

"ಬಾಯೀ, ಡ್ರಮ್ಮಿಗೆ ಬಾವಿ ನೀರು ಬೇಕು."

"ಎಂತಕ್ಕೆ? ನಾ ಕಣಜ ಬಿಟ್ಟಾಯ್ತು."

"ಹೌದಾ? ಭತ್ತ ಎಷ್ಟು ಖಂಡಿ ಅದೆ, ತೋರ್ಸು!"

ಬೀರಿ ಗಿಡ್ಡ ಮರದ ಗರಿಯೊಂದನ್ನು ಕೊಕ್ಕೆಕೋಲಿನಿಂದ ಎಳೆದು ಮಗುಚಿದಳು. ಗರಿಯಡಿ ತಾನೇ ನೇಯ್ದ ಬಲೆಯೊಳಗೆ ಕಪ್ಪುತಲೆ ಹುಳವೊಂದು ಅಲುಗಾಡದೆ ಬಿದ್ದಿತ್ತು. ಬೆನ್ನ ಮೇಲೆ ಮೊಟ್ಟೆಗಳ ಸಾಲು, ಪಕ್ಕದಲ್ಲೇ ಕಣಜ. ಬೆರಳು ತಂದರೂ ಅದು ಹಾರಲಿಲ್ಲ.

"ಹುಳಕ್ಕೆ ಚುಚ್ಚಿ ಮಲಗ್ಸಿದ್ದು ಇವ್ಳೇ. ಮೊಟ್ಟೆ ಒಡ್ದು ಮರಿ ಬಂದ್ರೆ ಅದ್ರ ರಸ ಹೀರ್ತವೆ. ಮರಿ ಗೂಡು ಕಟ್ಟೂವರೆಗೂ ತಾಯಿ ಜಾಗ ಬಿಡೂದಿಲ್ಲ. ಆಮೇಲೆ ರೆಕ್ಕೆ ಬಂದು ಬೇರೆ ಹುಳ ಹುಡ್ಕೂಕೆ ಹೋಗ್ತವೆ. ನೀ ಔಷಧ ಹೊಡೆದ್ರೆ ತಾಯಿ, ಮರಿ ಎಲ್ಲ ಸಾಯ್ತವೆ. ಮತ್ತೆ ಹುಳ ಬಂದ್ರೆ ಮತ್ತೆ ನೀನೇ ಬರೂದು, ಅಲ್ವಾ?"

"ಅತ್ತಿಗೆ, ಸಹಿ ಆಗೋಗದೆ. ಸುಮ್ನಿರು," ಮಾದೇವ ಗದರಿದ.

"ಸಹಿ ನಿಂದು. ಮರ ನಂದು. ಕೊಡ ಹೊತ್ತ ಸೊಂಟಾನೂ ನಂದು."

ಅವಳು ಬಾವಿಕಟ್ಟೆ ಹತ್ತಿ, ರಾಟೆಯ ಹಗ್ಗ ಎಳೆದು ತೆಗೆದು ಸೊಂಟಕ್ಕೆ ಸುತ್ತಿಕೊಂಡಳು.

"ಹೊಳೆ ನೀರು ತರ್ತೆ ಬಿಡು," ಎಂದ ಮಂಗೇಶ.

"ತಾ. ಉಪ್ಪುನೀರಲ್ಲಿ ನಿನ್ನ ಔಷಧ ಕಲಸು. ನಾನೂ ನೋಡ್ತೆ."

ಸಮುದ್ರ ನುಗ್ಗುವ ಹೊಳೆಯ ಉಪ್ಪುನೀರಿಗೆ ಔಷಧ ಒಡೆದು ಪಂಪಿನ ಮೂತಿ ಕಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ಡ್ರಮ್ಮು ಉರುಳಿಸಿಕೊಂಡು ಪಕ್ಕದ ಗಂಗಿಯ ಅಂಗಳಕ್ಕೆ ನಡೆದ. ಗಂಗಿ ಅವನ ಮುಖ ನೋಡಿದಳು, ಬೇಲಿಯಾಚೆ ಬೀರಿಯ ಸೊಂಟ ನೋಡಿದಳು. ಆಮೇಲೆ ನಿಧಾನವಾಗಿ ತನ್ನ ರಾಟೆಯ ಹಗ್ಗ ಬಿಚ್ಚತೊಡಗಿದಳು.

"ನಮ್ಮ ಬಾವಿ ಬತ್ತೋಗದೆ, ಸಾಯ್ಬ್ರೆ."

ಆಗಷ್ಟೇ ಸೇದಿದ ನೀರು ಅವಳ ಕಾಲ ಬಳಿಯ ಕೊಡದಲ್ಲಿ ತುಳುಕುತ್ತಿತ್ತು.