ಎಡಗಣ್ಣಿನ ಮೂಲೆಯ ಗಾಳಿ

ಫೆಬ್ರವರಿಯ ಒಂದು ಬೆಳಿಗ್ಗೆ, ಇಟ್ಟಂಗಿಹಾಳದ ತಿರುವಿನ ಹತ್ತಿರ, ನನ್ನಪ್ಪ ಭಾಗಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಕಣ್ಣು ಮುಚ್ಚಿದ. ಎಷ್ಟು ಹೊತ್ತು ಎಂಬುದು ಅವನಿಗೂ ಗೊತ್ತಿಲ್ಲ. ಶಾಲೆಯ ಬಸ್ಸು ಡಾಂಬರು ಬಿಟ್ಟು ಮಣ್ಣಿಗಿಳಿದು ಕುಲುಕಿದಾಗ ಎಚ್ಚರವಾಯಿತು. ಒಳಗೆ ಮೂವತ್ತೊಂದು ಮಕ್ಕಳಿದ್ದರು. ಕುಲುಕಾಟ ಅವರಿಗೆ ಖುಷಿಯಾಗಿತ್ತು. ಇನ್ನೊಮ್ಮೆ ಮಾಡು ಎಂದರು. ಅಪ್ಪ ಬಸ್ಸು ನಿಲ್ಲಿಸಿ, ಕೀಲಿ ತೆಗೆದು, ಮಕ್ಕಳ ಜೊತೆ ಬರುವ ಆಯಾ ಪೀರಾಂಬಿಯ ಕೈಗೆ ಕೊಟ್ಟ.

“ಇದನ್ನ ನೀ ಇಟ್ಕೊ ಬೇ. ನಾ ಓಡ್ಸಂಗಿಲ್ಲ.”

ಅವನ ಕಣ್ಣು ಮುಚ್ಚಿದ್ದನ್ನು ಕಂಡವರು ಯಾರೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಎಲ್ಲರೂ ರಸ್ತೆಯ ಗುಂಡಿಯನ್ನು ಬೈದು ಮರೆಯುತ್ತಿದ್ದರು.

ವಿಜಯಪುರದ ಡಾಕ್ಟರು ಒಂದು ರಾತ್ರಿ ಮೈತುಂಬ ತಂತಿ ಹಚ್ಚಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ಗಂಟೆಗೆ ನಲವತ್ನಾಲ್ಕು ಸಲ ಅಪ್ಪನ ಉಸಿರು ನಿಲ್ಲುತ್ತಿತ್ತು. ಟಿಕೋಟಾದ ನಮ್ಮ ಎರಡು ಖೋಲಿಯ ಮನೆಗೆ ಯಂತ್ರ ಬಂತು: ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ರಾತ್ರಿಯಿಡೀ ಗಾಳಿ ಒತ್ತುವ ಪೆಟ್ಟಿಗೆ. ಶಾಲೆ ಇರುವುದು ತೊರವಿಯ ಆಚೆ. ಅಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವ ಸಂಗಣ್ಣ ಹೇಳಿದ್ದು ಇಷ್ಟೇ: ಜೂನಿನೊಳಗೆ ಡಾಕ್ಟರ ಚೀಟಿ ತಂದರೆ ಬಸ್ಸು, ಇಲ್ಲದಿದ್ದರೆ ಗೇಟಿನ ಕಾವಲು. ಡಾಕ್ಟರ ಷರತ್ತೂ ಸರಳವಾಗಿತ್ತು. ಮಾಸ್ಕಿನಿಂದ ಎಷ್ಟು ಗಾಳಿ ಸೋರಿತು ಎಂದು ಯಂತ್ರ ಪ್ರತಿ ಬೆಳಿಗ್ಗೆ ಒಂದು ಅಂಕಿ ತೋರಿಸುತ್ತದೆ. ಸತತ ಹತ್ತು ರಾತ್ರಿ ಅದು ಇಪ್ಪತ್ನಾಲ್ಕರ ಕೆಳಗಿರಬೇಕು.

ಅಪ್ಪನದು ಅರವತ್ತು. ಕೆಲವು ದಿನ ಎಪ್ಪತ್ತು.

ಸೋರಿದ ಗಾಳಿ ನೇರ ಎಡಗಣ್ಣಿಗೆ ಬಡಿಯುತ್ತಿತ್ತು. ಬೆಳಿಗ್ಗೆ ಕಣ್ಣು ಕೆಂಡ. ಚಹಾದಂಗಡಿಯ ಮಶಾಕಸಾಬ ಹೆಬ್ಬೆರಳನ್ನು ಬಾಯಿಯ ಹತ್ತಿರ ಹಿಡಿದು, “ಏನ್ ಭಾಗಪ್ಪಣ್ಣ, ರಾತ್ರಿ ಭಾಳ ಆತೇನ?” ಎಂದು ಕೇಳುತ್ತಿದ್ದ.

“ಗಾಳಿ ಕುಡದೀನಪಾ. ಬರೇ ಗಾಳಿ.”

ಬಿಗಿಯುವುದರಲ್ಲಿ ಅಪ್ಪ ನಿಪುಣ. ಬಸ್ಸಿಗಿಂತ ಮೊದಲು ಹತ್ತು ವರ್ಷ ದ್ರಾಕ್ಷಿ ಕ್ರೇಟುಗಳ ಟೆಂಪೊ ಓಡಿಸಿದವನು. ಅವನು ಹಗ್ಗ ಹಾಕಿದ ಮಾಲು ಸಾಂಗ್ಲಿಯವರೆಗೂ ಅಲುಗುತ್ತಿರಲಿಲ್ಲ. ಮಾಸ್ಕಿಗೂ ಅದೇ ವಿದ್ಯೆ. ಮಂಚದ ಮೇಲೆ ನೆಟ್ಟಗೆ ಕೂತು, ಪಟ್ಟಿಗಳನ್ನು ಹಲ್ಲು ಕಚ್ಚಿ ಎಳೆದು, ಆಮೇಲೆ ಮಲಗುತ್ತಿದ್ದ. ಮೂಗಿನ ದಿಂಡಿನ ಮೇಲೆ ಹುಣ್ಣಾಯಿತು. ನಾನು ವಿಜಯಪುರದ ಲ್ಯಾಬೊಂದರಲ್ಲಿ ರಕ್ತದ ರಿಪೋರ್ಟು ಟೈಪು ಮಾಡುವವಳು. ಮೊಬೈಲಿನಲ್ಲಿ ವಿಡಿಯೊ ನೋಡಿ ಮಾಸ್ಕಿನ ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿದೆ. ಅರವತ್ತೆಂಟು.

ಅವ್ವ ಅಲ್ಲಿಯವರೆಗೆ ಬಾಯಿ ಹಾಕಿರಲಿಲ್ಲ. ಅವಳು, ಪರಸವ್ವ, ನಿಡೋಣಿಯ ದ್ರಾಕ್ಷಿ ತೋಟವೊಂದರಲ್ಲಿ ಹನಿ ನೀರಾವರಿಯ ಪೈಪು ನೋಡಿಕೊಳ್ಳುತ್ತಾಳೆ. ಹನ್ನೆರಡು ಎಕರೆಯಲ್ಲಿ ಎಲ್ಲಿ ಜೋಡಣೆ ಸಡಿಲಾಗಿದೆ ಎಂದು ಸಾಲಿನ ನಡುವೆ ನಡೆಯುತ್ತಲೇ ಹೇಳುತ್ತಾಳಂತೆ. ಎಂಜಿನಿಯರ್ ಬಂದ ದಿನವೂ ಮಾಲೀಕ ಅವಳನ್ನೇ ಮುಂದೆ ಬಿಡುತ್ತಾನಂತೆ. ಇದನ್ನೆಲ್ಲ ನಾನು ಊರವರ ಬಾಯಿಂದ ಕೇಳಿದ್ದೆ. ನೋಡಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರದ ಮಧ್ಯಾಹ್ನ. ಡಾಕ್ಟರ ಬಳಿ ಹೋಗಲು ಹನ್ನೆರಡು ದಿನ ಉಳಿದಿದ್ದವು. ಅಪ್ಪ ಅಭ್ಯಾಸಕ್ಕೆಂದು ಮಾಸ್ಕು ಕಟ್ಟಿಕೊಳ್ಳುತ್ತಿದ್ದ. ಅವ್ವ ರೊಟ್ಟಿ ಮುಗಿಸಿ ಬಾಗಿಲಿಗೆ ಒರಗಿ ನೋಡಿದಳು.

“ಕುಂತು ಬಿಗಿತಿ, ಮಕ್ಕೊಂಡ ಮ್ಯಾಲ ಸೋರತೈತಿ. ಕುಂತಾಗಿನ ಮಾರಿ ಬ್ಯಾರೆ, ಮಕ್ಕೊಂಡಾಗಿನ ಮಾರಿ ಬ್ಯಾರೆ.”

“ನನ್ನ ಮಾರಿ ಎಲ್ಲಿಗಿ ಹೊಕ್ಕೈತಿ ಬೇ?”

“ಇಳೀತೈತಿ. ಐವತ್ನಾಲ್ಕು ವರ್ಷದ ಗಲ್ಲ ಅದು, ಕಲ್ಲಲ್ಲ. ರಾತ್ರಿ ಹ್ಯಾಂಗ ಮಕ್ಕೊತಿ, ಹಂಗ ಮಕ್ಕೊ.”

ಅಪ್ಪ ಎಡಮಗ್ಗುಲಾದ. ಅವ್ವ ನನ್ನತ್ತ ತಿರುಗಿದಳು. “ಗೌತಮಿ, ಇದು ಪೂರಾ ಜೋರ ಊದೂದು ಯಾವಾಗ?”

ಮೆಲ್ಲಗೆ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಪೂರ್ತಿ ಒತ್ತಡಕ್ಕೆ ಬರುತ್ತದೆ ಎಂದೆ.

“ಹಂಗಾರ ಕಾಯೂಣು. ಒತ್ತು ಬರೂ ತನಕ ಎಲ್ಲಾ ಜೋಡಣಿನೂ ಚಂದನ ಕಾಣತಾವ.”

ಕಾದೆವು. ಆಮೇಲೆ ನಡೆದದ್ದು ನನಗೆ ಅವಳ ಬೆರಳುಗಳ ಸಮೇತ ನೆನಪಿದೆ. ಮೊದಲು ನನ್ನ ಸ್ಪಂಜನ್ನು ಕಿತ್ತೆಸೆದಳು. ನಾಲ್ಕೂ ಪಟ್ಟಿಗಳನ್ನು ಸಡಿಲಿಸಿದಳು. ಅಪ್ಪ ಮಾಸ್ಕಿನೊಳಗಿಂದ ಗೊಣಗಿದ.

“ಸುಮ್ಮನಿರು. ವಾಷರ್ ಹಿಚುಕಿದ್ರ ಮಡಚಿಕೊಂತೈತಿ, ಸೋರೂದು ಅಲ್ಲೇ.”

ಎರಡು ಬೆರಳಲ್ಲಿ ಮಾಸ್ಕನ್ನು ಮುಖದಿಂದ ಒಂದು ಜೋಳದ ಕಾಳಿನಷ್ಟು ಎತ್ತಿದಳು. ಅಂಚಿನ ತೆಳ್ಳನೆಯ ರಬ್ಬರು ಗಾಳಿ ತುಂಬಿಕೊಂಡು ಉಬ್ಬಿತು. ಉಬ್ಬಿದ್ದನ್ನು ಹಾಗೆಯೇ ಕೂರಿಸಿದಳು. ಕೆಳಗಿನ ಪಟ್ಟಿಗಳನ್ನು ಎರಡೂ ಕಡೆ ಒಟ್ಟಿಗೆ ಎಳೆದಳು, ಅರ್ಧ ಬೆರಳಿನಷ್ಟು. ನಂತರ ಮೇಲಿನವು. ಮುಂಗೈಯನ್ನು ತಂಬಿಗೆಯ ನೀರಲ್ಲಿ ಅದ್ದಿ, ಚರ್ಮಕ್ಕೆ ತಾಗಿಸದೆ, ಅಂಚಿನ ಸುತ್ತ ತಿರುಗಿಸಿದಳು. ಎಡಗಣ್ಣಿನ ಮೂಲೆಯಲ್ಲಿ ಕೈ ನಿಂತಿತು.

“ಇಲ್ಲಿ ತಣ್ಣಗ ಹತ್ತತೈತಿ.”

ಮೇಲಿನ ಒಂದು ಪಟ್ಟಿ, ಕೂದಲೆಳೆಯಷ್ಟು. ಕೈ ಮತ್ತೆ ಹೊರಟಿತು. ಈ ಸಲ ನಿಂತದ್ದು ಬಾಯಿಯ ಪಕ್ಕದಲ್ಲಿ, ಮೀಸೆಯ ತುದಿಗಳು ಅಂಚಿನಡಿ ಸಿಕ್ಕಿಕೊಂಡಿದ್ದ ಕಡೆ.

ಅಪ್ಪ ಮಾಸ್ಕು ಕಿತ್ತು ಎದ್ದು ಕೂತ. “ಮೀಸಿ ಸುದ್ದಿಗಿ ಬರಬ್ಯಾಡ. ಹುಡುಗುರು ನನ್ನ ಗುರ್ತ ಹಿಡಿಯೂದ ಇದರಿಂದ.”

“ಗುರ್ತ ಹಿಡ್ಯಾಕ ಮೊದಲ ನೀ ಬಸ್ಸಿನಾಗ ಇರಬೇಕಲಾ. ಗೇಟಿನಾಗ ನಿಂತ ತೋರ್ಸತಿಯೇನ ಮೀಸಿ?”

ಅಪ್ಪ ಕನ್ನಡಿ ತೆಗೆದುಕೊಂಡು ಬಚ್ಚಲಿಗೆ ಹೋದ. ಬಂದಾಗ ತುದಿಗಳಿರಲಿಲ್ಲ.

“ಗುಮಾಸ್ತನಂಗ ಕಾಣತಿ” ಎಂದಳು ಅವ್ವ.

ಮರುದಿನ ಬೆಳಿಗ್ಗೆ ಅಂಕಿ ಮೂವತ್ಮೂರು.

ಅರ್ಧಕ್ಕೆ ಇಳಿಯಿತಲ್ಲ ಎಂದೆ ನಾನು. ಅವ್ವ ದಿನ ಎಣಿಸಿದಳು. ಹತ್ತು ರಾತ್ರಿ ಬೇಕಿತ್ತು, ಉಳಿದದ್ದು ಹನ್ನೊಂದು. ಅವಳು ಮಾಸ್ಕನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಅಂಚಿನ ಮೇಲೆ ಹರಡದೆ ಮಣಿಮಣಿಯಾಗಿ ಜಾರಿತು. ಬೆರಳಲ್ಲಿ ಉಜ್ಜಿ ಮೂಸಿದಳು. ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಳು.

“ಎಣ್ಣಿ” ಎಂದಳು. “ನಂದ.”

ಬೇಸಿಗೆಯ ಉರಿ ತಲೆಗೇರದಿರಲೆಂದು ನಮ್ಮ ಮನೆಯಲ್ಲಿ ಮಲಗುವ ಮುಂಚೆ ನೆತ್ತಿಗೆ ಕುಸುಬಿ ಎಣ್ಣೆ ತಟ್ಟುತ್ತಾರೆ. ಇಟ್ಟಂಗಿಹಾಳದ ಆ ದಿನದ ನಂತರ ಅವ್ವ ಒಂದು ರಾತ್ರಿಯೂ ತಪ್ಪಿಸಿರಲಿಲ್ಲ. ತೋಟದಿಂದ ಎಷ್ಟೇ ದಣಿದು ಬಂದರೂ ಅಂಗೈ ತುಂಬ ಸುರಿದುಕೊಂಡು, ಅಪ್ಪನ ತಲೆಯನ್ನು ತನ್ನ ಮೊಣಕಾಲಿಗೆ ಒರಗಿಸಿ, ಅವನ ಕಣ್ಣು ಎಳೆಯುವವರೆಗೆ ತಟ್ಟುತ್ತಿದ್ದಳು. ಆ ಎಣ್ಣೆ ಹಣೆಗಿಳಿದು, ಮೂಗಿನ ಪಕ್ಕಕ್ಕಿಳಿದು, ಮಾಸ್ಕಿನ ಅಂಚನ್ನು ರಾತ್ರಿಯಿಡೀ ಜಾರಿಸುತ್ತಿತ್ತು.

ನಾನಾಗಿದ್ದರೆ ಆ ಮಾತನ್ನು ನುಂಗಿ ಬಾಟಲಿಯನ್ನು ಸದ್ದಿಲ್ಲದೆ ಅಡಗಿಸುತ್ತಿದ್ದೆ. ಅವಳು ಅಪ್ಪನ ಎದುರು ನಿಂತು ಹೇಳಿದಳು. “ಮೂರು ತಿಂಗಳಿಂದ ನಾನ ಕೆಡಸಾಕತ್ತೇನಿ.”

“ಹೋಗ್ಲಿ ಬಿಡು. ಇನ್ನ ತಲಿ ಉರದ್ರ ಯಾರನ್ನ ಬೈಲಿ?” ಎಂದ ಅಪ್ಪ, ಅವಳನ್ನು ನಗಿಸಲು.

ಅವಳು ನಗಲಿಲ್ಲ. “ಮುಂಜಾನಿ ಹಚ್ಚತೀನಿ. ರಾತ್ರಿ ಸಾಬಾಣ ಹಚ್ಚಿ ಮಾರಿ ತೊಳಕೊ.”

ಮರುದಿನ ಒಂಬತ್ತು.

ಡಾಕ್ಟರು ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಅಂಕಿಗಳನ್ನು ಇಳಿಸಿದರು. ಅರವತ್ತು, ಅರವತ್ತೆಂಟು, ಎಪ್ಪತ್ತು, ಮೂವತ್ಮೂರು. ಆಮೇಲೆ ಒಂಬತ್ತು, ಹನ್ನೊಂದು, ಎಂಟು; ಹದಿಮೂರನ್ನು ದಾಟಿದ್ದು ಒಂದೂ ಇಲ್ಲ. ಮಾಸ್ಕು ಕೂರಿಸಿದ್ದು ಯಾರೆಂದು ಕೇಳಿದರು. ಅಪ್ಪ ಗದ್ದದಿಂದ ಅವ್ವನ ಕಡೆ ತೋರಿಸಿದ. ಅವರು ಪೆನ್ನು ಕೈಗೆತ್ತಿಕೊಂಡಾಗ ಅವ್ವ ಮುಂದೆ ಬಂದಳು.

“ಸಹಿ ಮಾಡ್ತೀರಿ ಖರೆ ಸಾಹೇಬ್ರ. ಮುಂದ ಒಂದಿನ ನಂಬರ ಏರಿದ್ರ ಇವರು ಬಸ್ ಹತ್ತಬೇಕೋ ಬ್ಯಾಡೋ?”

ಹತ್ತಬಾರದು ಎಂದರು ಡಾಕ್ಟರು.

“ಅದನ್ನೂ ಬರೀರಿ.”

ಬರೆದರು. ಆ ಚೀಟಿಯನ್ನು ಸಂಗಣ್ಣ ಎರಡು ಸಲ ಓದಿದ. “ಇದೇನಪಾ, ನಿನ್ನ ಮ್ಯಾಲ ನೀನ ಕೇಸ್ ಹಾಕ್ಕೊಂಡಂಗ ಐತಲ್ಲ” ಎಂದ. ಆದರೂ ಜೂನಿನ ಮೊದಲ ದಿನ ಅಪ್ಪ ಬಸ್ಸು ಹತ್ತಿದ. ಗುಮಾಸ್ತನ ಮೀಸೆಯಲ್ಲೂ ಮಕ್ಕಳು ಅವನ ಗುರುತು ಹಿಡಿದರು.

ಜುಲೈಯಲ್ಲಿ ಅವನಿಗೆ ಮೂಗು ಕಟ್ಟುವ ನೆಗಡಿ ಬಂತು. ಒಂದು ಬೆಳಿಗ್ಗೆ ಯಂತ್ರದ ಮೇಲೆ ನಲವತ್ತೊಂದು ಇತ್ತು. ಖೋಲಿಯಲ್ಲಿ ಅದನ್ನು ಓದಿದವನು ಅವನೊಬ್ಬನೇ. ನಿಡೋಣಿಗೆ ಹೋಗುವ ಟೆಂಪೊ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಅವ್ವ ಬುತ್ತಿ ಕಟ್ಟುತ್ತಿದ್ದಳು. ಅಪ್ಪ ಮೊಬೈಲು ತೆಗೆದ.

“ಸಂಗಣ್ಣಾರ, ನೆಗಡಿ ಆಗೇತ್ರಿ. ಇವತ್ತ ಬ್ಯಾರೆದವರನ್ನ ಕಳಸ್ರಿ.”

ಆಚೆಯಿಂದ ಸಂಗಣ್ಣ ಬೈಯುವುದು ನನಗೂ ಕೇಳಿಸಿತು. ಹೋದ ವಾರವೂ ಇಬ್ಬರು ಡ್ರೈವರುಗಳಿಗೆ ನೆಗಡಿ ಇತ್ತು, ಓಡಿಸಲಿಲ್ಲವೇ ಎನ್ನುತ್ತಿದ್ದ. ಅಪ್ಪ ಮುಗಿಯುವವರೆಗೆ ಕೇಳಿಸಿಕೊಂಡ.

“ಹೂನ್ರಿ. ಆದ್ರ ನಂದು ನಲವತ್ತೊಂದ ಐತ್ರಿ.”

ಅವ್ವ ಬುತ್ತಿ ಬಗಲಲ್ಲಿಟ್ಟುಕೊಂಡು ಟೆಂಪೊ ಹತ್ತಲು ನಡೆದಳು.