ಲಮ್ಲಿಯ ಗೋಲು

ನಮ್ಮ ಥಾರ್ನ್‌ಬೆಕ್ ಊರಿನ ಐಸ್ ಹಾಕಿ ಕ್ಲಬ್ಬಿಗೆ ಐವತ್ತು ತುಂಬಿದ್ದು ೧೯೯೯ರಲ್ಲಿ. ಆ ವರ್ಷ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ಹೆಗಲಿಗೆ ಬಿತ್ತು. ನಾನು ಬರಹಗಾರನಲ್ಲ. ಊರಿನ ಮನೆಗಳಿಗೆ ಕೊಳಾಯಿ, ಬಾಯ್ಲರು ಕೂರಿಸಿಕೊಂಡು ಬದುಕಿದವನು. ಆದರೆ ಹತ್ತು ವರ್ಷ ತಂಡದ ಡಿಫೆಂಡರ್ ಆಗಿದ್ದೆ. ಹಳಬರ ಪೈಕಿ ನೆನಪು ನೆಟ್ಟಗಿರುವವನು ನಾನೊಬ್ಬನೇ ಎಂದು ಕ್ಲಬ್ಬಿನ ಕಾರ್ಯದರ್ಶಿ ಬೆತ್ ತೀರ್ಮಾನಿಸಿಬಿಟ್ಟಿದ್ದಳು.

"ನಲವತ್ತು ಪುಟ ಸಾಕು ಕ್ಲಿಫ್ ಅಂಕಲ್. ಏನು ಬಿಟ್ರೂ ಪರ್ವಾಗಿಲ್ಲ, ಅಪ್ಪನ ಗೋಲು ಮಾತ್ರ ಬಿಡಬೇಡಿ," ಎಂದಳು.

ಅವಳ ಅಪ್ಪ ಗಾರ್ಡನ್ ಲಮ್ಲಿ. ಮಾರ್ಕೆಟ್ ಬೀದಿಯಲ್ಲಿ ಅವನದು ಮಾಂಸದ ಅಂಗಡಿ. ನಾವು ಆಡುತ್ತಿದ್ದಾಗ ಅವನೇ ನಾಯಕ, ನನ್ನ ಆಪ್ತ ಸ್ನೇಹಿತನೂ ಹೌದು. ಅವನ ಆ ಗೋಲಿನ ಕಥೆ ಗೊತ್ತಿಲ್ಲದವರು ಊರಲ್ಲಿ ಇರಲಿಲ್ಲ. ೧೯೭೪ರ ಮಾರ್ಚಿನಲ್ಲಿ, ಸೀಸನ್ನಿನ ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಅವನು ಹೊಡೆದ ಗೋಲನ್ನು ಸಮಯ ನೋಡುವ ಹೆಂಗಸು ಒಪ್ಪಲಿಲ್ಲ. ಒಪ್ಪಿದ್ದರೆ ಪಂದ್ಯ ಸಮವಾಗಿ, ನಾವು ಮೇಲಿನ ವಿಭಾಗಕ್ಕೆ ಹೋಗುತ್ತಿದ್ದೆವು. ಹೋಗಲಿಲ್ಲ, ಆಮೇಲೆ ಯಾವತ್ತೂ ಹೋಗಲಿಲ್ಲ. ಇಪ್ಪತ್ತೈದು ವರ್ಷದಿಂದ ಪಬ್ಬಿನಲ್ಲಿ ಯಾರಾದರೂ ಹೊಸಬರು ಸಿಕ್ಕರೆ ಗಾರ್ಡನ್ ಎದ್ದು ನಿಂತು, ಕುರ್ಚಿಗಳನ್ನು ಎದುರಾಳಿಗಳ ಹಾಗೆ ಜೋಡಿಸಿ, ಅದನ್ನು ಆಡಿ ತೋರಿಸುತ್ತಿದ್ದ.

ಬರೆಯಲು ಕುಳಿತೆ. ಆರಂಭ ಸುಲಭವಾಗಿಯೇ ಬಂತು. ಐಸ್‌ಕ್ರೀಮ್ ಕಾರ್ಖಾನೆ ಮುಚ್ಚಿದಾಗ ಅದರ ತಂಪಿನ ಯಂತ್ರಗಳನ್ನು ಹಳೆಯ ಟ್ರಾಮ್ ಶೆಡ್ಡಿಗೆ ತಂದು ನೆಲವನ್ನು ಹೆಪ್ಪುಗಟ್ಟಿಸಿದ್ದು, ಮೊದಲ ಪಂದ್ಯಕ್ಕೆ ಆಟಗಾರರು ಮೊಣಕಾಲಿಗೆ ಹಳೆಯ ವಾರಪತ್ರಿಕೆ ಸುತ್ತಿಕೊಂಡು ಇಳಿದದ್ದು, ಒಂಬತ್ತು ಗೋಲಿನಿಂದ ಸೋತರೂ ಜನ ಮುಂದಿನ ವಾರ ಮತ್ತೆ ಬಂದದ್ದು. ಅರವತ್ತರ ದಶಕಕ್ಕೆ ಬಂದಾಗ ಪೆನ್ನು ನಿಂತಿತು. ಆ ಕಾಲದ ಕ್ಲಬ್ಬಿನ ಕಾಗದಪತ್ರಗಳೆಲ್ಲ ನದಿ ಉಕ್ಕಿದ ವರ್ಷ ನೆನೆದು ಹಾಳಾಗಿದ್ದವು. ೧೯೬೧ರಿಂದ ೧೯೭೪ರವರೆಗಿನ ಪಂದ್ಯಗಳ ಪುಸ್ತಕಗಳು ಒಬ್ಬರ ಬಳಿ ಮಾತ್ರ ಇರಲು ಸಾಧ್ಯವಿತ್ತು. ಅವರೇ ಮುರಿಯಲ್ ಸ್ಟಾಕ್‌ಡೇಲ್, ಆ ದಿನ ಸಮಯ ನೋಡಿದವರು.

ಅವರ ಮನೆಯ ಬಾಗಿಲು ತಟ್ಟಲು ನನಗೆ ಮೂರು ವಾರ ಬೇಕಾಯಿತು. ಯಾಕೆಂದರೆ ಆ ದಿನ ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ.

ಎದುರಾಳಿಯೊಬ್ಬನ ಕಾಲಿಗೆ ಕೋಲು ಅಡ್ಡ ಹಾಕಿದ್ದಕ್ಕೆ ರೆಫರಿ ನನ್ನನ್ನು ಎರಡು ನಿಮಿಷ ಹೊರಗಟ್ಟಿದ್ದ. ಪಂದ್ಯ ಮುಗಿಯಲು ಅಷ್ಟು ಹೊತ್ತೂ ಉಳಿದಿರಲಿಲ್ಲ. ತಪ್ಪು ಮಾಡಿದವರನ್ನು ಕೂರಿಸುವ ಬೆಂಚು ಸಮಯದ ಮೇಜಿಗೆ ಅಂಟಿಕೊಂಡಂತೆಯೇ ಇತ್ತು. ಆ ಚಳಿಗಾಲ ದೇಶದಲ್ಲೆಲ್ಲ ಕರೆಂಟಿನ ಅಭಾವ. ಉಳಿತಾಯಕ್ಕೆಂದು ಗೋಡೆ ಗಡಿಯಾರವನ್ನೂ ಹಾರ್ನನ್ನೂ ನಿಲ್ಲಿಸಿದ್ದರು. ಹಾಗಾಗಿ ಮಿಸ್ ಸ್ಟಾಕ್‌ಡೇಲ್ ಒಂದು ಕೈಯಲ್ಲಿ ಸ್ಟಾಪ್‌ವಾಚ್, ಇನ್ನೊಂದರಲ್ಲಿ ಶಾಲೆಯ ಕೈಗಂಟೆ ಹಿಡಿದು ಕುಳಿತಿದ್ದರು. ನಮ್ಮದು ಮೂರು ಗೋಲು, ಎದುರಾಳಿಗಳದು ನಾಲ್ಕು. ತಗಡಿನ ಸೂರಿನ ಕೆಳಗೆ ಎಂಟುನೂರು ಜನ ಕಾಲು ಬಡಿಯುತ್ತಿದ್ದರು. ನನಗೆ ಆಟ ನೋಡುವ ಧೈರ್ಯವಾಗಲಿಲ್ಲ. ಅವರ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳು ಗುಂಡಿ ಒತ್ತಿತು, ಮುಳ್ಳು ನಿಂತಿತು, ಗಂಟೆ ಹೊಡೆಯಿತು. ಆ ಗದ್ದಲದಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ತಲೆ ಎತ್ತಿದೆ. ಪಕ್, ಆ ಕಪ್ಪು ರಬ್ಬರ್ ಬಿಲ್ಲೆ, ಇನ್ನೂ ಗಾರ್ಡನ್‌ನ ಕೋಲಿನ ತುದಿಯಲ್ಲೇ ಇತ್ತು. ಅನಂತರ ಅವನು ಹೊಡೆದ.

ರೆಫರಿ ಮೇಜಿಗೆ ಬಂದು ಕೇಳಿದ. ಮಿಸ್ ಸ್ಟಾಕ್‌ಡೇಲ್ ಹೇಳಿದ್ದು ಎರಡೇ ಪದ: "ಟೈಮ್ ಮುಗಿದಿತ್ತು."

ಬಟ್ಟೆ ಬದಲಿಸುವ ಕೋಣೆಯಲ್ಲಿ ಗಾರ್ಡನ್ ನನ್ನ ಎದುರು ನಿಂತ. ಕಣ್ಣು ಕೆಂಪಾಗಿತ್ತು. "ಕ್ಲಿಫ್, ನೀನು ಪಕ್ಕದಲ್ಲೇ ಇದ್ಯಲ್ಲೋ. ನಿಜ ಹೇಳು, ಏನ್ ನೋಡ್ದೆ?"

ನನ್ನ ತಪ್ಪಿನಿಂದಲೇ ಸೋತೆವು ಎಂದು ಆಗಲೇ ಇಬ್ಬರು ಗೊಣಗುತ್ತಿದ್ದರು. "ನಾನು ಐಸ್ ಕಡೆ ನೋಡ್ತಿದ್ದೆ," ಎಂದೆ.

ಅಷ್ಟೇ. ಉಳಿದದ್ದನ್ನು ಊರು ನೋಡಿಕೊಂಡಿತು. ಮಿಸ್ ಸ್ಟಾಕ್‌ಡೇಲ್ ನಡೆಸುತ್ತಿದ್ದ ಉಣ್ಣೆ ನೂಲಿನ ಅಂಗಡಿಯ ಬಾಗಿಲ ಮೇಲೆ ಯಾರೋ ಬಣ್ಣದಲ್ಲಿ 'ಗಡಿಯಾರ ನೋಡೋಕೆ ಬರುತ್ತಾ?' ಎಂದು ಬರೆದರು. ಅವರು ಅದನ್ನು ತಿಕ್ಕಿ ತಿಕ್ಕಿ ಅಳಿಸುತ್ತಿದ್ದಾಗ ನಾನು ಎದುರಿನ ಕಾಲುದಾರಿಯಲ್ಲಿ ನಡೆದುಹೋದೆ. ಬೇಸಿಗೆಯಲ್ಲಿ ಸಮಿತಿಯವರು ಕಾಗದ ಬರೆದು, ಮುಂದಿನ ಸೀಸನ್ನಿಗೆ ಕಿರಿಯರಿಗೆ ಅವಕಾಶ ಕೊಡುತ್ತೇವೆ ಎಂದರು. ಆಗ ಅವರಿಗೆ ಮೂವತ್ತೆಂಟು ವರ್ಷ. ಗಂಟೆಯನ್ನೂ ಸ್ಟಾಪ್‌ವಾಚನ್ನೂ ಹಿಂದಿರುಗಿಸಿದರು. ಆ ಐಸ್ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ.

ಬಾಗಿಲು ತೆರೆದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕ್ಲಿಫರ್ಡ್ ರೈಸ್ಟ್ರಿಕ್. ನಾನು ಯಾವ ನಲ್ಲೀನೂ ರಿಪೇರಿಗೆ ಹೇಳಿಲ್ಲವಲ್ಲ."

"ಕ್ಲಬ್ಬಿನ ಚರಿತ್ರೆ ಬರೀತಿದೀನಿ, ಮಿಸ್ ಸ್ಟಾಕ್‌ಡೇಲ್. ನಿಮ್ಮ ಹತ್ರ ಹಳೇ ಪುಸ್ತಕಗಳು..."

"ಇಪ್ಪತ್ತೈದು ವರ್ಷ ಬೇಕಾಯ್ತಾ ಕೇಳೋಕೆ? ಒಳಗೆ ಬಾ. ಬೂಟು ಬಿಚ್ಚು, ನೆಲ ಈಗಷ್ಟೇ ಒರೆಸಿದೀನಿ."

ಅಡುಗೆಮನೆಯ ಮೇಜಿನ ಮೇಲೆ ಹದಿಮೂರು ಪುಸ್ತಕಗಳನ್ನು ತಂದಿಟ್ಟರು. ಟೀ ಕೊಟ್ಟರು, ಬೆಣ್ಣೆ ಹಚ್ಚಿದ ಬನ್ನು ಕೊಟ್ಟರು. ನಾನು ಪುಟ ತಿರುಗಿಸಿದೆ. ಗೋಲು, ಹೊಡೆದವನು, ನಿಮಿಷ, ಶಿಕ್ಷೆ, ಎಲ್ಲವೂ ಪುಟ್ಟ ಪುಟ್ಟ ನೇರ ಅಕ್ಷರಗಳಲ್ಲಿ. ಅಂಚಿನಲ್ಲಿ ಒಂದೊಂದು ಸಾಲು: 'ಸೂರು ಸೋರಿತು, ಹತ್ತು ನಿಮಿಷ ತಡ.' 'ಹೊಸ ಗೋಲ್‌ಕೀಪರ್‌ಗೆ ಮದುವೆ ನಿಶ್ಚಯ, ಗಮನವಿಲ್ಲ.' 'ರೈಸ್ಟ್ರಿಕ್ ಮೊದಲ ಪಂದ್ಯ. ಕಾಲು ಚುರುಕು, ಬುದ್ಧಿ ನಿಧಾನ.' ಓದುತ್ತಾ ನಕ್ಕುಬಿಟ್ಟೆ. ಕೊನೆಯ ಪುಸ್ತಕದ ಕೊನೆಯ ಪುಟದ ಅಂಚಿನಲ್ಲಿ ಏನೂ ಇರಲಿಲ್ಲ. ಮೂರು–ನಾಲ್ಕು, ಅಷ್ಟೇ.

ಆ ಖಾಲಿ ಅಂಚನ್ನು ನೋಡುತ್ತಾ ಹೇಗೋ ಬಾಯಿ ಬಿಟ್ಟೆ. "ಆ ದಿನ ನಾನು ನೋಡಿದ್ದೆ. ಮುಳ್ಳು ನಿಂತಾಗ ಅವನಿನ್ನೂ ಹೊಡೆದಿರಲಿಲ್ಲ."

"ಗೊತ್ತು," ಎಂದರು. "ನೀನು ನನ್ನ ಕೈಯನ್ನೇ ನೋಡ್ತಿದ್ದೆ. ನಿನ್ನ ಉಸಿರು ನನ್ನ ತೋಳಿಗೆ ತಾಗ್ತಿತ್ತು."

"ಮತ್ತೆ ನೀವ್ಯಾಕೆ ಯಾರಿಗೂ ಹೇಳಲಿಲ್ಲ? ಕ್ಲಿಫ್‌ನನ್ನ ಕೇಳಿ ಅಂತ?"

ಅವರು ಲೋಟವನ್ನು ಮೇಜಿನ ಮೇಲಿಟ್ಟರು. "ಹದಿಮೂರು ವರ್ಷ ಆ ಮೇಜಿನ ಹಿಂದೆ ಕೂತಿದ್ದವಳು ನಾನು. ಟೈಮ್ ಮುಗೀತು ಅಂತ ನಾನೇ ಹೇಳಿದ್ದೆ. ಅದಕ್ಕೆ ನಿನ್ನ ಸಾಕ್ಷಿ ಬೇರೆ ಬೇಕಿತ್ತಾ?"

ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ, "ಬೈಗುಳ ಮರೆತುಹೋಯ್ತು ಕ್ಲಿಫರ್ಡ್. ಶನಿವಾರ ಸಂಜೆ ಏನು ಮಾಡಬೇಕು ಅನ್ನೋದೇ ಬಹಳ ವರ್ಷ ತಿಳೀಲಿಲ್ಲ," ಎಂದರು. ಆಮೇಲೆ ಎದ್ದು, ಪುಸ್ತಕಗಳನ್ನು ಒಂದು ಚೀಲಕ್ಕೆ ತುಂಬಿ ಕೊಟ್ಟರು. "ಒಂದು ಪುಟಾನೂ ಮಡಚಬೇಡ."

ಆ ವಾರವೇ ಬರೆದೆ. ಆ ಪಂದ್ಯದ ಬಗ್ಗೆ ಮೂರು ಸಾಲು: ಮೂರು–ನಾಲ್ಕರಿಂದ ಸೋತೆವು. ಮಿಸ್ ಸ್ಟಾಕ್‌ಡೇಲ್ ಸಮಯವನ್ನು ಸರಿಯಾಗಿಯೇ ನೋಡಿದ್ದರು. ಪಕ್ಕದಲ್ಲಿ ಕುಳಿತು ಅದನ್ನು ಕಂಡ ನಾನು ಕೇಳಿದವರಿಗೆ ಸುಳ್ಳು ಹೇಳಿದೆ.

ಬೆತ್‌ಗೆ ಕೊಡುವ ಮೊದಲು ಹಾಳೆಯನ್ನು ಗಾರ್ಡನ್‌ನ ಅಂಗಡಿಗೆ ಒಯ್ದೆ. ಗಿರಾಕಿಗಳಿರಲಿಲ್ಲ. ಅವನು ಏಪ್ರನ್ನಿಗೆ ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು ಓದಿದ. ಇನ್ನೊಮ್ಮೆ ಓದಿದ.

"ತಮಾಷೆನಾ ಇದು?"

"ಅಲ್ಲ."

"ಇಪ್ಪತ್ತೈದು ವರ್ಷ ನನ್ನ ಪಕ್ಕ ಕೂತು, ನಾನು ಕೊಡಿಸಿದ ಬಿಯರ್ ಕುಡ್ಕೊಂಡು, ಈ ಕಥೆ ಕೇಳಿಸ್ಕೊಂಡ್ಯಲ್ಲೋ. ತಲೆ ಬೇರೆ ಆಡಿಸ್ತಿದ್ದೆ! ಒಂದಿನ ಬಾಯಿ ಬಿಡೋಕಾಗ್ಲಿಲ್ವಾ?"

"ಆಗ್ಲಿಲ್ಲ ಗಾರ್ಡನ್."

"ಆವತ್ತೇ ಹೇಳಿದ್ರೆ ಒಂದು ವಾರ ಕೂಗಾಡಿ ಸುಮ್ನಾಗ್ತಿದ್ದೆ. ಮುಂದಿನ ವರ್ಷ ಇನ್ನೊಂದು ಹೊಡೀತಿದ್ದೆ. ಈಗ ನಂಗೆ ಐವತ್ತೆಂಟು ಕಣೋ. ಬೇರೆ ಗೋಲು ಎಲ್ಲಿಂದ ತರ್ಲಿ?"

ಹಾಳೆಯನ್ನು ತಕ್ಕಡಿಯ ಪಕ್ಕದಲ್ಲಿಟ್ಟು ಒಳಗೆ ಹೋದ. ನಾನು ಸ್ವಲ್ಪ ಹೊತ್ತು ನಿಂತೆ. ಅವನು ಹೊರಗೆ ಬರಲಿಲ್ಲ.

ಎರಡು ದಿನ ಬಿಟ್ಟು ಬೆತ್ ಫೋನ್ ಮಾಡಿದಳು. "ಅಂಕಲ್, ಏನ್ ಮಾಡಿಟ್ರಿ ನೀವು? ಅಪ್ಪ ಟಿವಿ ಮುಂದೆ ಕೂತಿದಾರೆ, ಆನ್ ಮಾಡಿಲ್ಲ."

"ಆ ಸಾಲು ತೆಗೀಬೇಕು ಅಂದ್ರೆ ಹೇಳು ಬೆತ್. ಕಾರ್ಯದರ್ಶಿ ನೀನು."

"ನಾನೂ ಅದನ್ನೇ ಅವರಿಗೆ ಹೇಳ್ದೆ, ತೆಗೆದುಬಿಡೋಣ ಅಂತ. ಅದಕ್ಕೂ ಬೈಸ್ಕೊಂಡೆ. ಅಚ್ಚಿಗೆ ಕೊಡು, ಒಂದು ಅಕ್ಷರ ಮುಟ್ಟಬೇಡ ಅಂದ್ರು."

ಪುಸ್ತಕ ಬಂತು. ಐವತ್ತರ ಔತಣದ ದಿನ ಹಳೆಯ ಆಟಗಾರರಲ್ಲಿ ಮೂರು ಜನ ನನ್ನ ಮೇಜಿನಿಂದ ಎದ್ದು ಬೇರೆಡೆ ಕುಳಿತರು. ಇನ್ನೊಬ್ಬ ಬಂದು ಕೈ ಕುಲುಕಿದ. ಗಾರ್ಡನ್ ಬಂದಿದ್ದ, ಮಗಳ ಪಕ್ಕದಲ್ಲಿ ಕುಳಿತು ಊಟ ಮಾಡಿ ಬೇಗ ಹೊರಟುಹೋದ. ಮಿಸ್ ಸ್ಟಾಕ್‌ಡೇಲ್‌ರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಇಟ್ಟಿದ್ದೆವು. ಅದು ಖಾಲಿಯೇ ಉಳಿಯಿತು. ಶೀತವಾಗಿದೆ ಎಂದು ಚೀಟಿ ಕಳಿಸಿದ್ದರು.

ಅವರು ಬಂದದ್ದು ನವೆಂಬರಿನ ಒಂದು ಸಾಧಾರಣ ಶನಿವಾರ. ಬಾಗಿಲಲ್ಲಿ ಎಲ್ಲರಂತೆ ಟಿಕೆಟ್ಟು ಕೊಂಡು, ಯಾರನ್ನೂ ಮಾತಾಡಿಸದೆ, ಎಲ್ಲಕ್ಕಿಂತ ಮೇಲಿನ ಸಾಲಿಗೆ ಹತ್ತಿ ಕುಳಿತರು. ನಾನು ಕೆಳಗಿನಿಂದ ನೋಡಿದೆ, ಹತ್ತಿರ ಹೋಗಲಿಲ್ಲ. ಕಟಾಂಜನಕ್ಕೆ ಒರಗಿ ನಿಂತಿದ್ದ ಗಾರ್ಡನ್ ಕೂಡ ನೋಡಿದ. ಮೊದಲ ವಿರಾಮದಲ್ಲಿ ಅವನು ಎರಡು ಲೋಟ ಟೀ ಹಿಡಿದು, ನೋವಿನ ಮಂಡಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದ. ಅವರ ಪಕ್ಕ ಒಂದು ಸೀಟು ಬಿಟ್ಟು ಕುಳಿತ. ಎರಡನೆಯ ಅವಧಿ ಪೂರ್ತಿ ಅಲ್ಲೇ ಇದ್ದ. ಇಬ್ಬರೂ ಐಸ್ ಕಡೆಗೇ ನೋಡುತ್ತಿದ್ದರು, ಆಗಾಗ ತುಟಿ ಅಲುಗುತ್ತಿತ್ತು.

ಪಂದ್ಯ ಮುಗಿದ ಮೇಲೆ ಹೊರಬಾಗಿಲಲ್ಲಿ ಅವನಿಗಾಗಿ ಕಾದು ನಿಂತೆ. "ಏನಂದ್ರು?"

ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, "ನಮ್ಮ ಎಡಗಡೆ ಆಡೋನು ಸೋಮಾರಿ ಅಂತೆ. ಪಕ್ ಕೈ ತಪ್ಪಿದ ಮೇಲೆ ವಾಪಸ್ ಓಡಲ್ಲ ಅಂತೆ," ಎಂದ. "ಸರಿಯಾಗೇ ಹೇಳಿದ್ರು."

"ಗೋಲಿನ ವಿಷಯ?"

"ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಟೀಗೆ ಸಕ್ಕರೆ ಜಾಸ್ತಿ ಹಾಕಿದೀನಿ ಅಂತ ಬೈದ್ರು." ಅವನ ಮುಖದಲ್ಲಿ ನಗು ಬರುವ ಹಾಗೆ ಕಂಡಿತು. ನನ್ನನ್ನು ನೋಡಿ ಅದನ್ನು ತಡೆದುಕೊಂಡ. "ನಿನ್ನ ಜೊತೆ ನಾನಿನ್ನೂ ಮಾತು ಬಿಟ್ಟಿದೀನಿ, ಗೊತ್ತಿರ್ಲಿ," ಎಂದು ಹೇಳಿ, ಕಾರ್ ನಿಲ್ಲಿಸಿದ್ದ ಕಡೆಗೆ ನಡೆದ.

ಅವನು ನನ್ನ ಜೊತೆ ಮೊದಲಿನ ಹಾಗಾಗಲು ಇನ್ನೂ ಎರಡು ಚಳಿಗಾಲ ಹಿಡಿಯಿತು.