ದೋಣಿಯ ಕೆಳಗೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸದ್ದು ಕೇಳಿದರೆ ಮೈಗೆ ಮುಳ್ಳು ಚುಚ್ಚಿದಂತಾಗುವವರ ಕಥೆ ಹೇಳಲು ನಿನಗೇನು ಅರ್ಹತೆ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲವೆಂದೇ ಒಪ್ಪಿಕೊಳ್ಳುತ್ತೇನೆ. ಹೇಳದೆ ಇರಲೂ ಆಗಲಿಲ್ಲ.

ವಸ್ತುಸಂಗ್ರಹಾಲಯದ ಕಾವಲುಗಾರ್ತಿಗೆ ಅಂದು ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗದ್ದಲ, ಕಣ್ಣು ಕುಕ್ಕುವ ಬೆಳಕು ತಾಳಲಾರದವರಿಗೆಂದೇ ಬಾಗಿಲು ತೆರೆಯುವ ಮೊದಲ ಬೆಳಗು ಅದು. ಮುಖ್ಯಸ್ಥೆ ಮೇಡಂ ಬೆನ್ನು ಬಿದ್ದು, ಕಾಡಿ ಬೇಡಿ ಒಪ್ಪಿಸಿದವಳು ಅವಳೇ. ಎಲ್ಲ ತಮ್ಮನಿಗಾಗಿ. ಮೀಸೆ ಬಂದ ಗಂಡಸಾದರೂ, ಅಕ್ಕ ಕೆಲಸ ಮಾಡುವ ಜಾಗವನ್ನು ಒಳಹೊಕ್ಕು ನೋಡಿದವನಲ್ಲ. ಬಂದಾಗಲೆಲ್ಲ ಮೆಟ್ಟಿಲಿನಿಂದಲೇ ವಾಪಸು. "ಇದೇ ಕೊನೆ ಅಕ್ಕಾ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಇನ್ನು ಕರೀಬೇಡ," ಎಂದಿದ್ದ.

ಧ್ವನಿವರ್ಧಕದ ಬಾಯಿ ಮುಚ್ಚಿತ್ತು, ದೀಪಗಳು ಮಂದವಾಗಿದ್ದವು. ಕಿರ್ ಎನ್ನುವ ಬೂಟನ್ನೂ ಅವಳು ಬಿಟ್ಟು ಬಂದಿದ್ದಳು.

"ಏನೇ, ಕಳ್ಳಬೆಕ್ಕಿನ ಹಾಗೆ ಓಡಾಡ್ತಿದ್ದೀಯ?" ಟಿಕೆಟ್ ಕೊಡುವವಳು ಪಿಸುಗುಟ್ಟಿದಳು.

"ಸುಮ್ನಿರೇ. ನನ್ನ ಎದೆ ಬಡಿತಾನೇ ಜೋರಾಗಿ ಕೇಳ್ತಿದೆ."

ತಮ್ಮ ಬಂದ. ಒಳಗೂ ಬಂದ. ಮಡಕೆಗಳನ್ನು ನೋಡಿ, "ಒಡೆದಿರೋದನ್ನೂ ಇಟ್ಕೊಂಡಿದ್ದೀರಲ್ಲ! ಅಮ್ಮ ಆಗಿದ್ರೆ ಯಾವತ್ತೋ ಎಸೀತಿದ್ಲು," ಎಂದು ನಕ್ಕ. ಆಮೇಲೆ ಕೈ ತೊಳೆಯಲು ಹೋದ.

ಆಗಲೇ ಅವಳಿಗೆ ಹೊಳೆಯಿತು. ಎಲ್ಲವನ್ನೂ ನೆನೆದವಳು ಕೈ ಒಣಗಿಸುವ ಯಂತ್ರವನ್ನು ಮರೆತಿದ್ದಳು. ಕೂಗಿ ತಡೆಯೋಣವೆಂದರೆ ಕೂಗೂ ಸದ್ದೇ. ಅಷ್ಟರಲ್ಲಿ ಗೋಡೆಯಾಚೆ ಅದು ಭೋರ್ಗರೆಯಿತು.

ಕಿವಿ ಮುಚ್ಚಿಕೊಂಡು ಓಡಿಬಂದ ತಮ್ಮ ನೇರ ನುಗ್ಗಿದ್ದು ಹಳೆಯ ಮರದ ದೋಣಿಯತ್ತ. ಅದರ ಸುತ್ತ ಹಗ್ಗ. ದಾಟಿದರೆ ಕಟ್ಟಡವೇ ನಡುಗುವಂತೆ ಎಚ್ಚರಿಕೆಯ ಗಂಟೆ. ಅದರ ಸ್ವಿಚ್ಚಿನ ಪಕ್ಕ ನಿಂತಿದ್ದ ಮೇಡಂ ಕಡೆ ಅವಳು ಹುಚ್ಚಿಯ ಹಾಗೆ ಕೈ ಬೀಸಿದಳು. ಗಂಟೆ ಬಡಿಯುವ ಮೊದಲೇ ಮೇಡಂ ಅದನ್ನು ನಿಲ್ಲಿಸಿದರು. ತಮ್ಮ ಹಗ್ಗದಡಿ ನುಸುಳಿ, ದೋಣಿಯ ಕೆಳಗೆ ಮುದುಡಿ ಮಲಗಿದ.

"ಗಂಟೆ ನಿಂತ್ರೆ ವಸ್ತುಗಳಿಗೆ ಕಾವಲಿಲ್ಲ, ಕೋಣೆ ಖಾಲಿ ಮಾಡಿಸ್ಬೇಕು, ನಿಮಗೇ ಗೊತ್ತಲ್ಲ," ಮೇಡಂ ಮೆಲ್ಲಗೆ ಹೇಳಿದರು. "ನೀವು ಪಕ್ಕದಲ್ಲಿದ್ರೆ ಒಬ್ಬನಿಗೆ ಕಣ್ಣು ಮುಚ್ಕೋತೀನಿ. ಎಲ್ಲರಿಗೂ ಆಗಲ್ಲ. ಅವನನ್ನ ಎಬ್ಬಿಸ್ತೀರೋ, ಆ ಮೂಲೇಲಿರೋರನ್ನ ಕಳಿಸ್ತೀರೋ?"

ಮೂಲೆಯಲ್ಲಿ ಒಬ್ಬ ತಾಯಿ ಮಗಳಿಗೆ ಹಡಗಿನ ಚಿತ್ರ ತೋರಿಸುತ್ತಿದ್ದಳು. ಕಾವಲುಗಾರ್ತಿ ಹೋಗಿ, ತಲೆ ತಗ್ಗಿಸಿ, ಹೊರಗೆ ನಡೆಯಲು ಬೇಡಿಕೊಂಡಳು.

"ಈಗ ತಾನೇ ಇವಳು ಕಿವಿಯಿಂದ ಕೈ ತೆಗೆದ್ಲು," ಎಂದಳು ಆ ತಾಯಿ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಖಾಲಿ ಕೋಣೆಯಲ್ಲಿ ಅವಳು ನೆಲಕ್ಕೆ ಕುಳಿತಳು. ಎಷ್ಟೋ ಹೊತ್ತಿನ ಮೇಲೆ ದೋಣಿಯಡಿಯಿಂದ ದನಿ ಬಂತು. "ಅಕ್ಕಾ, ಹಲಗೆಗಳನ್ನ ಹಗ್ಗದಲ್ಲಿ ಹೊಲಿದಿದ್ದಾರೆ. ನೋಡಿದ್ದೀಯಾ?"

"ಇಲ್ಲ ಕಣೋ."

"ಇಷ್ಟು ವರ್ಷ ಕಾದು ಬಗ್ಗಿ ನೋಡಿಲ್ವಾ!"

"ಬಗ್ಗೋರನ್ನ ಎಬ್ಬಿಸೋದೇ ನನ್ನ ಕೆಲಸ."

ಅವನು ನಕ್ಕ. "ಮುಂದಿನ ಸಲಾನೂ ಬರ್ತೀನಿ."

ಅವಳಿಗೆ ಅಳು ಬಂತು. ಬಾಗಿಲ ಗಾಜಿನಾಚೆ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಆ ತಾಯಿ ಮಗಳು ಮತ್ತೆ ಬಂದರೋ ಇಲ್ಲವೋ, ನನಗೆ ಗೊತ್ತಿಲ್ಲ.